ಬಿಟ್ಟ ಮರಿ, ಇಟ್ಟ ಮರಿ

ಜಗಳೂರು ಕಡೆ ಕುರಿಮರಿಗಳು ಬಸ್ಸಿನಲ್ಲಿ ಓಡಾಡುತ್ತವೆ. ಹುಟ್ಟಿ ಒಂದೆರಡು ದಿನವಾದ ಮರಿ ಹಿಂಡಿನ ಜೊತೆ ನಡೆಯಲಾರದು. ಗೊಬ್ಬರದ ಚೀಲವನ್ನು ಕತ್ತರಿಸಿ ಹೊಲಿದ ಜೋಳಿಗೆಯಲ್ಲಿ ಅದನ್ನು ಕೂರಿಸಿ, ತಲೆಯನ್ನಷ್ಟೇ ಹೊರಗೆ ಮಾಡಿ, ಹೆಗಲಿಗೆ ತೂಗುಹಾಕಿಕೊಂಡು ಹತ್ತುತ್ತಾರೆ. ದನದ ಆಸ್ಪತ್ರೆಗೆ ಹೊರಟಿರಬಹುದು, ಮಗಳ ಊರಿಗೆ ಒಯ್ಯುತ್ತಿರಬಹುದು. ಮರಿ ಮಾತ್ರ ದಾರಿಯುದ್ದಕ್ಕೂ ಅರಚುತ್ತದೆ. ಯಾರ ಮಡಿಲಲ್ಲಾದರೂ ಕೂಸಿದ್ದರೆ ಅದೂ ದನಿ ಸೇರಿಸುತ್ತದೆ. ಆ ಗದ್ದಲದ ನಡುವೆ ಟಿಕೆಟ್ ಹರಿಯುತ್ತ ನಾನು ಕೆಲವು ವರ್ಷ ಕಂಡಕ್ಟರಾಗಿದ್ದೆ.

ಈಗ ನನ್ನ ಬಸ್ಸು ಚನ್ನಗಿರಿಯಿಂದ ಹೊನ್ನಾಳಿಗೆ, ಅಲ್ಲಿಂದ ನ್ಯಾಮತಿಗೆ. ಊರು ಅಲ್ಲೇ ಪಕ್ಕದ ಕೆರೆಬಿಳಚಿಯೇ ಆದ್ದರಿಂದ ಡ್ಯೂಟಿ ಮುಗಿಸಿ ಮನೆಯಲ್ಲೇ ಉಣ್ಣುತ್ತೇನೆ. ದೂರಬೇಕಾದದ್ದು ಏನೂ ಇಲ್ಲ. ಆದರೂ ಚಳಿಗಾಲದ ಬೆಳಿಗ್ಗೆ ಕಿಟಕಿಯ ಗಾಜು ಮಸುಕಾದಾಗ ನನಗೆ ನೆನಪಾಗುವುದು ಆ ಒಣ ಸೀಮೆ. ಮೆಕ್ಕೆಜೋಳ ಕಟಾವಾಗಿ ಬರೀ ದಂಟು ನಿಂತ ಹೊಲಗಳು, ಶೇಂಗಾ ಕಿತ್ತ ಮೇಲೆ ಸಡಿಲವಾಗಿ ಉಳಿಯುವ ಕೆಂಪು ಮಣ್ಣು, ಬಸ್ಸು ನಿಂತ ಕಡೆಯಲ್ಲೆಲ್ಲ ಒಳಗೆ ನುಗ್ಗುವ ಕುರಿಯ ವಾಸನೆ.

ಜಗಳೂರು ನನಗೆ ಹೊಸದಾಗಿರಲಿಲ್ಲ. ಅದು ಅಮ್ಮಿಯ ತವರು. ಸಣ್ಣವನಿದ್ದಾಗ ಅಡಿಕೆ ಸುಲಿಯುವ ಕಾಲ ಬಂತೆಂದರೆ ಅಪ್ಪ ಅಮ್ಮಿ ಇಬ್ಬರೂ ಕೂಲಿಗಾಗಿ ಊರೂರು ಸುತ್ತುತ್ತಿದ್ದರು. ಆಗ ನಾನು ಜಗಳೂರಿನಲ್ಲಿ ನಾನಿಯ, ಅಂದರೆ ಅಮ್ಮಿಯ ತಾಯಿಯ, ಮನೆಯಲ್ಲಿ. ನಾನಿ ಹತ್ತಿ ಹಿಂಜಿ ಗಾದಿ ಹೊಲಿಯುತ್ತಿದ್ದಳು. ಸಂಜೆ ಬಸ್ಸಿನ ಸದ್ದಾದಾಗಲೆಲ್ಲ ನಾನು ಬಾಗಿಲಿಗೆ ಓಡುತ್ತಿದ್ದೆ. ನಾನಿ ಸೂಜಿಯಿಂದ ಕಣ್ಣೆತ್ತದೆ, "ಅದು ಹರಪನಹಳ್ಳಿ ಬಸ್ಸು, ಒಳಗ್ ಬಾ" ಅನ್ನುತ್ತಿದ್ದಳು. ಆ ದಿನಗಳ ಮಾತು ಬಂದಾಗ ನಾನು "ನನ್ನ ನಾನಿ ಹತ್ರ ಬಿಟ್ಟು ಹೋಗಿದ್ರಿ" ಎಂದರೆ ಅಮ್ಮಿಗೆ ಸಿಟ್ಟು ಬರುತ್ತಿತ್ತು. ಆ ಒಂದು ಮಾತಿಗೆ ಅಷ್ಟು ಸಿಟ್ಟು ಯಾಕೆಂದು ನಾನು ಬಹಳ ಕಾಲ ಯೋಚಿಸಿದವನಲ್ಲ.

ನಮ್ಮ ಬಸ್ಸು ಬೆಳಿಗ್ಗೆ ಹೊರಡುತ್ತಿದ್ದದ್ದು ಕಾಡಂಚಿನ ಒಂದು ಹಳ್ಳಿಯಿಂದ. ಆ ಕಾಡು ಕೊಂಡುಕುರಿಗೆಂದೇ ಮೀಸಲಾದದ್ದು. ಕೊಂಡುಕುರಿ ಎಂದರೆ ಕುರಿಯಲ್ಲ. ಜಿಂಕೆಯ ಹಾಗೆ ಕಾಣುವ, ಅದಕ್ಕಿಂತ ಗಿಡ್ಡನೆಯ, ಗಂಡಿನ ತಲೆಯ ಮೇಲೆ ನಾಲ್ಕು ಕೊಂಬಿರುವ ಪ್ರಾಣಿ. ವರ್ಷಗಟ್ಟಲೆ ಆ ರಸ್ತೆಯಲ್ಲಿ ಓಡಾಡಿದರೂ ನಾನು ಒಂದನ್ನೂ ಸರಿಯಾಗಿ ನೋಡಿರಲಿಲ್ಲ. ಪೊದೆ ಅಲುಗಾಡಿದ್ದನ್ನು ನೋಡಿ ಡ್ರೈವರು "ಅಗಾ, ಕೊಂಡುಕುರಿ" ಎಂದರೆ, ನಾನು ತಲೆ ತಿರುಗಿಸುವಷ್ಟರಲ್ಲಿ ಪೊದೆ ಮಾತ್ರ ಉಳಿದಿರುತ್ತಿತ್ತು.

ಆ ಬೆಳಿಗ್ಗೆ ಹಳ್ಳಿಯಲ್ಲೇ ಒಬ್ಬ ಅಜ್ಜಿ ಹತ್ತಿದಳು. ಕುರಿ ಸಾಕುವ ಮನೆಯವಳು, ನನಗೆ ಚೆನ್ನಾಗಿ ಪರಿಚಯ. ವಾರಕ್ಕೊಮ್ಮೆಯಾದರೂ ಜಗಳೂರಿಗೆ ಬರುವವಳು. ಹೆಗಲಲ್ಲಿ ಜೋಳಿಗೆ ಇತ್ತು. ಅದರ ಮೇಲೆ ಸೆರಗು ಹೊದಿಸಿದ್ದಳು.

"ಮರಿಗೆ ಆಫ್ ಟಿಕೆಟ್ ಆಗ್ತೈತೆ ಅಜ್ಜಿ," ಎಂದೆ. ಯಾವಾಗಲೂ ಆಡುವ ಮಾತು.

"ನಿನ್ ಬಸ್ಸೇ ಅರ್ಧ ದಾರೀಲಿ ನಿಲ್ತೈತೆ. ನನಗೇ ಆಫ್ ಕೊಡು, ಸಾಬ್ರೇ," ಎಂದಳು. ಅದೂ ಯಾವಾಗಲೂ ಆಡುವ ಮಾತೇ. ಆದರೆ ಆ ದಿನ ಅವಳು ನಗಲಿಲ್ಲ.

ಟಿಕೆಟ್ ಕೊಟ್ಟು ಮುಂದೆ ಹೋದೆ. ಹಿಂತಿರುಗಿ ಬರುವಾಗ ಏನೋ ಕೊರತೆ ಅನ್ನಿಸಿತು. ಏನೆಂದು ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಸದ್ದಿರಲಿಲ್ಲ. ಜೋಳಿಗೆಯಲ್ಲಿ ಮರಿಯಿದ್ದೂ ಬಸ್ಸು ಸುಮ್ಮನಿತ್ತು.

"ಸತ್ತಿಲ್ಲ ತಾನೆ?" ಎಂದು ಬಗ್ಗಿ ಕೇಳಿದೆ.

ಅಜ್ಜಿ ಸೆರಗು ಸರಿಸಿದಳು. ಮೊದಲು ಕಂಡದ್ದು ಕಿವಿ. ಕುರಿಮರಿಯ ಕಿವಿ ಜೋಲುತ್ತದೆ. ಇದರದ್ದು ಅಗಲವಾಗಿ, ಎಲೆಯಂತೆ ಎದ್ದು ನಿಂತಿತ್ತು. ಒಳಗೆ ಸಣ್ಣ ಸಣ್ಣ ನರ ಕಾಣುತ್ತಿದ್ದವು. ಉಣ್ಣೆಯಿಲ್ಲ, ಒಣಹುಲ್ಲಿನ ಬಣ್ಣದ ನಯವಾದ ಕೂದಲು. ಮುಂಗಾಲಿನ ಮೇಲೆ ಕಪ್ಪಗಿನ ಒಂದು ಗೀರು. ಮೂಗು ಒದ್ದೆಯಾಗಿತ್ತು. ಕಣ್ಣು ನನ್ನನ್ನು ನೋಡುತ್ತಿತ್ತೋ ಇಲ್ಲವೋ ಹೇಳಲಾರೆ. ತೆರೆದಿತ್ತು, ಅಷ್ಟೇ.

"ಇದು ಕುರಿ ಅಲ್ಲ ಅಜ್ಜಿ."

"ಕುರೀನೇ," ಎಂದಳು. ಆಮೇಲೆ ಸಣ್ಣ ದನಿಯಲ್ಲಿ, "ಕೊಂಡುಕುರಿ. ಹೆಸ್ರಲ್ಲೇ ಕುರಿ ಐತಲ್ಲಪ್ಪ."

ಸಿಕ್ಕ ಬಗೆಯನ್ನು ಅವಳೇ ಹೇಳಿದಳು. ಹಿಂದಿನ ದಿನ ಸಂಜೆ ಕುರಿ ಹೊಡೆದುಕೊಂಡು ಬರುವಾಗ ನಾಯಿ ಒಂದು ಕಡೆ ನಿಂತು ಬೊಗಳುತ್ತಿತ್ತಂತೆ. ಹೋಗಿ ನೋಡಿದರೆ ತಂಗಡಿ ಗಿಡದ ಬುಡದಲ್ಲಿ, ಹುಲ್ಲಿನ ಗುಳಿಯಲ್ಲಿ, ಈ ಮರಿ ಮಲಗಿತ್ತು. ಸುತ್ತ ತಾಯಿ ಇರಲಿಲ್ಲ. ಅವಳು ಎತ್ತಿಕೊಂಡಳು.

ಅದರಲ್ಲಿ ಯೋಚಿಸುವಂಥದ್ದು ಅವಳಿಗೆ ಏನೂ ಇರಲಿಲ್ಲ. ಕುರಿಯವರ ಬದುಕಿನಲ್ಲಿ ಒಂಟಿಯಾಗಿ ಬಿದ್ದ ಮರಿ ಎಂದರೆ ಬಿಟ್ಟ ಮರಿ. ತಾಯಿ ಬಿಟ್ಟಿರಬೇಕು, ಇಲ್ಲವೇ ಹಿಂಡು ಬಿಟ್ಟು ಮುಂದೆ ಹೋಗಿರಬೇಕು. ಬಿಟ್ಟ ಮರಿಯನ್ನು ಕಂಡವರು ಎತ್ತಲೇಬೇಕು, ಅದು ಯಾರ ಹಿಂಡಿನದಾದರೂ ಸರಿ. ಎತ್ತದೆ ಬಂದವರನ್ನು ಆ ಊರಿನಲ್ಲಿ ಚೆನ್ನಾಗಿ ನೋಡುವುದಿಲ್ಲ.

ಅವಳ ಹಿಂಡಿನಲ್ಲಿ ಮರಿ ಸತ್ತ ಒಂದು ತಾಯಿಕುರಿ ಇತ್ತು. ಬೇರೆ ಮರಿಯನ್ನು ಅಂಥ ತಾಯಿಗೆ ಹಚ್ಚಬೇಕಾದರೆ ಆ ತಾಯಿಯ ಹಾಲನ್ನೇ ಹಿಂಡಿ, ಉಪ್ಪುನೀರಿನ ಜೊತೆ ಮರಿಯ ಬೆನ್ನಿಗೆ ಸವರುತ್ತಾರೆ. ಉಪ್ಪಿನ ಆಸೆಗೆ ತಾಯಿ ನೆಕ್ಕುತ್ತದೆ. ನೆಕ್ಕುತ್ತ ನೆಕ್ಕುತ್ತ ತನ್ನದೆಂದುಕೊಳ್ಳುತ್ತದೆ. ಅಜ್ಜಿ ಹಾಗೆಯೇ ಮಾಡಿದ್ದಳು. ಕುರಿ ಒಮ್ಮೆ ನೆಕ್ಕಿ, ಆಮೇಲೆ ತಲೆಯಿಂದ ಗುದ್ದಿ ದೂಡಿತ್ತು. ಬುಟ್ಟಿಯ ಕೆಳಗೆ ಇಟ್ಟು, ಬಟ್ಟೆ ಅದ್ದಿ ಬಾಯಿಗೆ ಹಾಲು ಬಿಟ್ಟರೆ ಮರಿ ನುಂಗಿರಲಿಲ್ಲ. ಬೆಳಗಾಗುವಷ್ಟರಲ್ಲಿ ಅದರ ಕಿವಿ ತಣ್ಣಗಾಗಿತ್ತು.

"ಆಸ್ಪತ್ರೆಗೆ ತೋರಿಸ್ತೀನಿ. ಒಂದು ಸೂಜಿ ಹಾಕಿದ್ರೆ ಕುಡಿತೈತೆ," ಎಂದಳು. "ನನ್ ಕೈಯಾಗೆ ಯಾವ ಮರೀನೂ ಹಸ್ಕಂಡು ಸತ್ತಿಲ್ಲ, ಸಾಬ್ರೇ."

ಅಷ್ಟರಲ್ಲಿ ಮುಂದಿನ ಸೀಟಿನವರು ತಿರುಗಿದ್ದರು. ಹಿಂದಿನವರು ಎದ್ದು ನಿಂತಿದ್ದರು. ಬಸ್ಸಿನಲ್ಲಿ ಒಂದು ವಿಷಯ ಗುಟ್ಟಾಗಿ ಉಳಿಯುವುದು ಮುಂದಿನ ಸ್ಟಾಪಿನವರೆಗೂ ಇಲ್ಲ.

"ಮನೇಲೇ ಸಾಕ್ಕಳ್ಳಿ ಅಜ್ಜಿ, ಆಡಿನ ಹಾಲು ಹಾಕಿದ್ರೆ ಬೆಳಿತೈತೆ."

"ಸಾಕಾಕೆ ಅದೇನು ಕೋಳೀನಾ? ಫಾರೆಸ್ಟ್‌ನೋರಿಗೆ ಗೊತ್ತಾದ್ರೆ ಅಜ್ಜೀನೇ ಒಳಗೆ ಹಾಕ್ತಾರೆ."

"ಸುಮ್ನೆ ತಗಂಡೋಗಿ ಅಲ್ಲೇ ಬಿಟ್ಟ್ ಬನ್ನಿ."

"ಮನುಷ್ಯರು ಮುಟ್ಟಿದ ಮೇಲೆ ತಾಯಿ ಸೇರಿಸಲ್ಲ ಕಣ್ರೀ. ಉಪ್ಪು ಬೇರೆ ಹಚ್ಚಾಳೆ."

ಒಬ್ಬಾತ ಮೊಬೈಲು ತೆಗೆದು ಮರಿಯ ಮುಖದ ಹತ್ತಿರ ಹಿಡಿದ. ಮರಿ ಹಿಂದೆ ಸರಿಯಲಿಲ್ಲ. ಸರಿಯಲು ಜೋಳಿಗೆಯಲ್ಲಿ ಜಾಗವೂ ಇರಲಿಲ್ಲ. ನಾನು ಕೈ ಅಡ್ಡ ಹಿಡಿದೆ. "ಒಂದೇ ಫೋಟೋ ರೀ," ಎಂದ. ಅಜ್ಜಿ ಅವನನ್ನು ನೋಡಿ, "ನಿನ್ ಹೆಂಡ್ತಿ ಬಾಣಂತಿ ಆದಾಗ ನಾನೂ ಹಿಂಗೇ ಬರ್ತೀನಿ, ಮೊಬೈಲ್ ಹಿಡ್ಕಂಡು," ಎಂದಳು. ನಾಲ್ಕು ಜನ ನಕ್ಕರು. ಅವನು ಮೊಬೈಲು ಜೇಬಿಗೆ ಹಾಕಿದ.

ನಾನು ಜೋಳಿಗೆಯ ಕೆಳಗೆ ಕೈ ಕೊಟ್ಟೆ, ಬಸ್ಸು ಕುಲುಕುತ್ತಿತ್ತೆಂದು. ಬಟ್ಟೆಯ ಮೂಲಕ ಅದರ ಎದೆ ನನ್ನ ಅಂಗೈಗೆ ತಾಕಿತು. ಅಷ್ಟು ಬೇಗ ಬಡಿಯುವ ಇನ್ನೊಂದು ವಸ್ತುವನ್ನು ನಾನು ಮುಟ್ಟಿಲ್ಲ. ಮೇಲೆ ಮುಖದಲ್ಲಿ ಏನೂ ಇರಲಿಲ್ಲ. ಕಿವಿ ಅಲುಗಾಡಲಿಲ್ಲ, ಬಾಯಿ ತೆರೆಯಲಿಲ್ಲ. ಕೆಳಗೆ ಎದೆ ಒಂದೇ ಸಮನೆ ಓಡುತ್ತಿತ್ತು. ನೋಡುವವರಿಗೆ ಮರಿ ಶಾಂತವಾಗಿದೆ ಅನ್ನಿಸುತ್ತಿತ್ತು. ಆ ಅಂಗೈಯ ನೆನಪನ್ನು ನನಗೆ ಇವತ್ತಿಗೂ ಸರಿಯಾಗಿ ಹೇಳಲು ಬಾರದು.

ಕಾಡು ಮುಗಿಯುವ ತಿರುವಿನಲ್ಲಿ ಅರಣ್ಯ ಇಲಾಖೆಯ ಒಂದು ಬೋರ್ಡಿತ್ತು. ದಿನವೂ ಅದನ್ನು ದಾಟುತ್ತಿದ್ದೆ. ಗಾಯಗೊಂಡ ಅಥವಾ ಸಂಕಷ್ಟದಲ್ಲಿರುವ ವನ್ಯಪ್ರಾಣಿ ಕಂಡುಬಂದಲ್ಲಿ ತಿಳಿಸಿ ಎಂದು ಬರೆದು, ಕೆಳಗೆ ಫೋನ್ ನಂಬರು ಇತ್ತು. ನಾನು ಸೀಟಿ ಊದಿ ಅಲ್ಲಿ ಬಸ್ಸು ನಿಲ್ಲಿಸಿದೆ.

ಡ್ರೈವರು ಹಿಂತಿರುಗಿ ಕೇಳಿದರು. "ಸಂಕಷ್ಟ ಯಾರ್ದಪ್ಪ? ಮರೀದಾ, ಅಜ್ಜೀದಾ?"

"ಅದೇ ಗೊತ್ತಾಗ್ತಿಲ್ಲ," ಎಂದೆ.

ಅಜ್ಜಿ ನನ್ನ ತೋಳು ಹಿಡಿದಳು. "ಫೋನ್ ಮಾಡಬ್ಯಾಡ. ಕಸ್ಕಂಡು ಹೋಗ್ತಾರೆ. ಅವರ ಹತ್ರ ಹಾಲು ಎಲ್ಲೈತೆ?" ಜೈಲಿನ ಮಾತು ಅವಳ ಬಾಯಲ್ಲಿ ಬರಲಿಲ್ಲ, ಹಾಲಿನ ಮಾತು ಬಂತು. ನನಗೆ ಅದೇ ಧೈರ್ಯವಾಯಿತು. "ಕೇಳ್ತೀನಿ ಅಷ್ಟೆ ಅಜ್ಜಿ. ಏನ್ ಮಾಡ್ಬೇಕು ಅಂತ ಕೇಳಾಕೆ ತಾನೆ ನಂಬರ್ ಬರ್ದಿರೋದು," ಎಂದೆ.

ಫೋನ್ ತೆಗೆದ ಕಚೇರಿಯವರು ಆ ಭಾಗದ ಗಾರ್ಡ್‌ಗೆ ವಿಷಯ ಮುಟ್ಟಿಸಿದರು. ಸ್ವಲ್ಪ ಹೊತ್ತಿಗೆ ಗಾರ್ಡೇ ಕರೆ ಮಾಡಿದರು. ಹೆಣ್ಣುಮಗಳು, ದನಿ ಕೇಳಿದರೆ ಚಿಕ್ಕ ವಯಸ್ಸು. ಗಾಬರಿಯೂ ಇಲ್ಲ, ಗದರಿಕೆಯೂ ಇಲ್ಲ. ಒಂದಾದ ಮೇಲೊಂದು ಕೇಳುತ್ತ ಹೋದರು. ನಾನು ನೋಡಿ ನೋಡಿ ಹೇಳುತ್ತ ಹೋದೆ.

"ಎಲ್ಲಾದ್ರೂ ರಕ್ತ ಐತಾ?"

ಇರಲಿಲ್ಲ.

"ಕಾಲು? ನಾಲ್ಕೂ ಒಂದೇ ತರ ಮಡಚ್ಕಂಡೈತಾ, ಯಾವುದಾದ್ರೂ ಸೊಟ್ಟ ಐತಾ?"

ಅಜ್ಜಿ ಒಂದೊಂದೇ ಕಾಲನ್ನು ಬೆರಳಲ್ಲಿ ಸವರಿ ನೋಡಿದಳು. ಸರಿಯಾಗಿದ್ದವು.

"ನೊಣ ಮುತ್ತೈತಾ? ಕಿವಿ ಒಳಗೆ, ಹೊಕ್ಕುಳ ಹತ್ರ, ಅಕ್ಕಿ ನುಚ್ಚಿನಂಗೆ ಬೆಳ್ಳಗೆ ಮೊಟ್ಟೆ ಐತಾ ನೋಡ್ರಿ."

ಇರಲಿಲ್ಲ.

"ನಾಯಿ ಬಾಯಿ ಹಾಕಿತ್ತಾ?"

"ಹಾಕೋಷ್ಟ್ರಲ್ಲಿ ಎತ್ಕಂಡೆ ಅನ್ನು," ಎಂದಳು ಅಜ್ಜಿ.

"ತಾಯಿ ಸತ್ತು ಬಿದ್ದಿದ್ದು ಯಾರಾದ್ರೂ ನೋಡಿದ್ರಾ? ಮರಿ ಎತ್ತೋ ಮುಂಚೆ ಬಹಳ ಹೊತ್ತಿಂದ ಒಂದೇ ಸಮ ಕೂಗ್ತಿತ್ತಾ?"

ಎರಡೂ ಇಲ್ಲ.

"ಹಂಗಾದ್ರೆ ನಿನ್ನೆ ಅದಕ್ಕೆ ಏನೂ ಆಗಿರಲಿಲ್ಲ ರೀ," ಎಂದರು. "ಇದ್ರಲ್ಲಿ ಒಂದು ಹೌದು ಅಂದಿದ್ರೂ ನಾನು ಆಸ್ಪತ್ರೆಗೆ ತಗಂಡ್ ಬನ್ನಿ ಅಂತಿದ್ದೆ. ಅದರ ತಾಯಿ ಬಿಟ್ಟು ಹೋಗಿಲ್ಲ. ಇಟ್ಟು ಹೋಗೈತೆ."

ನಾನು ಅದನ್ನು ಅಜ್ಜಿಗೆ ಹಾಗೆಯೇ ಹೇಳಿದೆ. ಅವಳು ಒಪ್ಪಲಿಲ್ಲ. "ಎಳೇ ಮರೀನ ಒಂಟಿ ಇಟ್ಟು ಹೋಗೋಳು ಎಂಥ ತಾಯಿ? ಯಾರಿಗೆ ಕತೆ ಹೇಳ್ತಾರೆ?" ಎಂದಳು.

ಗಾರ್ಡ್ ಮುಂದಿನ ಕ್ರಾಸಿಗೆ ಬೈಕಿನಲ್ಲಿ ಬರುತ್ತೇನೆಂದರು. ಅಲ್ಲಿಯವರೆಗೆ ಬಾಯಿಗೆ ಹಾಲು ನೀರು ಏನೂ ಹಾಕಬಾರದು, ನೆತ್ತಿಗೆ ಹತ್ತಿದರೆ ಅಲ್ಲಿಗೇ ಮುಗಿಯುತ್ತದೆ. ಕಣ್ಣಿಗೆ ಬಟ್ಟೆ ಮುಚ್ಚಿ, ಕತ್ತಲು ಮಾಡಿ. ಯಾರೂ ಮುಟ್ಟಬಾರದು. ಮುಖ್ಯವಾಗಿ ಸದ್ದು ಬೇಡ. ಹೆದರಿಕೆಯಿಂದಲೇ ಸಾಯುವ ಜೀವ ಅದು, ಎಂದರು.

ನಾನು ಬಸ್ಸಿನ ನಡುವೆ ನಿಂತು, "ಕ್ರಾಸ್ ಬರೋತನಕ ಯಾರೂ ಮಾತಾಡಬಾರ್ದಂತೆ," ಎಂದೆ. ಹೇಳುವಾಗ ನನಗೇ ನಗು ಬಂತು. ಜಗಳೂರು ಬಸ್ಸಿನಲ್ಲಿ ಅಂಥ ಮಾತನ್ನು ಯಾರಾದರೂ ಕೇಳುತ್ತಾರೆಯೇ?

ಕೇಳಿದರು. ಡ್ರೈವರು ಹಾಡು ಬಂದ್ ಮಾಡಿದರು. ಅವರು ಹಾರ್ನ್ ಹೊಡೆಯದೆ ತಿರುವು ದಾಟಿದವರಲ್ಲ. ಖಾಲಿ ರಸ್ತೆಯಲ್ಲೂ ಅಭ್ಯಾಸಕ್ಕೆ ಹೊಡೆಯುವವರು. ಆ ದಿನ ತಿರುವು ಬಂದಾಗಲೆಲ್ಲ ಅವರ ಕೈ ಹಾರ್ನಿನ ಕಡೆ ಹೋಗಿ, ಗಾಳಿಯಲ್ಲೇ ನಿಂತು, ಹಿಂದಕ್ಕೆ ಬರುತ್ತಿತ್ತು. ಗುಂಡಿ ಸಿಕ್ಕಲ್ಲಿ ಗಾಡಿಯನ್ನು ನಡೆಸಿಕೊಂಡು ಹೋಗುವಂತೆ ದಾಟಿಸಿದರು. ಒಂದು ಸ್ಟಾಪಿನಲ್ಲಿ ಹತ್ತಿದವನು ಜೋರಾಗಿ, "ಏನ್ರೀ, ಯಾರಾದ್ರೂ ಹೋಗ್ಬಿಟ್ರಾ?" ಎಂದ. ಸೀಟುಗಳಿಂದ ಎಷ್ಟೋ ಬೆರಳು ತುಟಿಗೆ ಹೋದವು. ಅವನು ಬಾಯಿ ಮುಚ್ಚಿ, ಚಿಲ್ಲರೆಯನ್ನು ಸದ್ದಾಗದ ಹಾಗೆ ನನ್ನ ಕೈಯಲ್ಲಿಟ್ಟ. ಆ ಬಸ್ಸಿನ ಎಂಜಿನ್ನಿಗೆ ಅಂಥ ದನಿ ಇದೆಯೆಂದು ನನಗೆ ಆವತ್ತೇ ಗೊತ್ತಾದದ್ದು. ನಾನು ಮಾಡಿದ ಕೆಲಸದಲ್ಲೆಲ್ಲ ಆ ಸ್ವಲ್ಪ ದಾರಿ ನನಗೆ ಬಹಳ ಪ್ರಿಯ.

ಕ್ರಾಸಿನಲ್ಲಿ ಗಾರ್ಡ್ ನಿಂತಿದ್ದರು. ಬೇವಿನ ಮರದ ನೆರಳಿಗೆ ಕರೆದೊಯ್ದು, ಬಟ್ಟೆ ಸ್ವಲ್ಪವೇ ಸರಿಸಿ ನೋಡಿದರು. ಬೆನ್ನಿನ ಉಪ್ಪನ್ನು ಒಣ ಹುಲ್ಲಿನಿಂದ ಮೆಲ್ಲಗೆ ಒರೆಸಿದರು. ಒಂದು ಕಿಟಕಿಯಿಂದ ಯಾರೋ ಪಿಸುದನಿಯಲ್ಲಿ, "ಅಜ್ಜಿ ಮ್ಯಾಗೆ ಕೇಸ್ ಹಾಕಬ್ಯಾಡ್ರಿ ಮೇಡಂ," ಎಂದರು.

"ಮುಚ್ಚಿಟ್ಟಿದ್ರೆ ಬೇರೆ ಮಾತು. ಅವರೇ ಫೋನ್ ಮಾಡ್ಸಿದ್ದಾರಲ್ಲ," ಎಂದು ಗಾರ್ಡ್ ನನ್ನನ್ನು ನೋಡಿದರು. ನಾನು ಅಜ್ಜಿಯನ್ನು ನೋಡಿದೆ. ಅವಳು ನೆಲ ನೋಡುತ್ತಿದ್ದಳು.

"ನನ್ನ ಉಪ್ಪಿನ ವಾಸನೆಗೆ ತಾಯಿ ಬರಲ್ಲ, ಅಲ್ವಾ?" ಎಂದು ಕೇಳಿದಳು.

"ಮನುಷ್ಯರು ಮುಟ್ಟಿದ್ದಕ್ಕೆ ಮರೀನ ಬಿಡೋ ತಾಯಿ ಕಮ್ಮಿ ಅಜ್ಜಿ. ನಿನ್ನೆಯಿಂದ ಹುಡುಕ್ತಿರ್ತೈತೆ. ಎಲ್ಲಿಟ್ಟಿತ್ತೋ ಅಲ್ಲಿಗೇ ಬರ್ತೈತೆ. ಆ ಜಾಗ ನಿಮಗೊಬ್ರಿಗೇ ಗೊತ್ತಿರೋದು. ತೋರಿಸ್ತೀರಾ?"

"ಬರದಿದ್ರೆ?"

ಗಾರ್ಡ್ ಸುಳ್ಳು ಹೇಳಲಿಲ್ಲ. "ನಾಳೆ ಬೆಳಿಗ್ಗೆನೂ ಅಲ್ಲೇ ಇದ್ರೆ ನಾನೇ ಆಸ್ಪತ್ರೆಗೆ ತಗಂಡು ಹೋಗ್ತೀನಿ. ಉಳಿತೈತೆ ಅಂತ ಹೇಳಾಕೆ ಆಗಲ್ಲ," ಎಂದರು.

ಅಜ್ಜಿ ಜೋಳಿಗೆಯನ್ನು ಎದೆಗೆ ತಿರುಗಿಸಿಕೊಂಡು ಬೈಕಿನ ಹಿಂದೆ ಕೂತಳು. ಬೈಕು ಕಾಡಿನ ಕಡೆ ಹೋಯಿತು. ಬಸ್ಸು ಜಗಳೂರಿನ ಕಡೆ ಹೊರಟಿತು. ಹೊರಟು ಎಷ್ಟು ದೂರ ಹೋದರೂ ಯಾರೂ ದನಿ ಎತ್ತಲಿಲ್ಲ. ಸುಮ್ಮನಿರಬೇಕಾದ ಕಾರಣ ಇಳಿದುಹೋಗಿತ್ತು. ಜನ ಮರೆತಿದ್ದರು.

ಮಧ್ಯಾಹ್ನ ಹಳ್ಳಿಗೆ ವಾಪಸಾದಾಗ ಊಟದ ಬಿಡುವಿರುತ್ತಿತ್ತು. ಬುತ್ತಿಯನ್ನು ಬಸ್ಸಿನಲ್ಲೇ ಬಿಟ್ಟು ಹೊಲದ ಕಡೆ ನಡೆದೆ. ಅವರು ಇನ್ನೂ ಮರಿಯನ್ನು ಇಟ್ಟಿರಲಿಲ್ಲ. ಸುತ್ತಲಿನ ಕುರಿಹಿಂಡುಗಳನ್ನೂ ನಾಯಿಗಳನ್ನೂ ಆಚೆ ಕಡೆಗೆ ಕಳಿಸಲು ಅಷ್ಟು ಹೊತ್ತಾಗಿತ್ತು. ಬದುವಿನ ಮೇಲಿನ ಒಂದು ಬಂಡೆಯ ಹತ್ತಿರ ಗಾರ್ಡ್ ನನ್ನನ್ನು ತಡೆದರು. "ಇಲ್ಲಿಗೆ ಸಾಕು ರೀ. ಹೋಗೋದು ಒಬ್ರೇ."

ಅಜ್ಜಿ ಒಬ್ಬಳೇ ಹೋದಳು. ತಂಗಡಿ ಗಿಡಗಳು ಅಲ್ಲಿ ಬೇಕಾದಷ್ಟಿದ್ದವು, ನನಗೆ ಎಲ್ಲವೂ ಒಂದೇ. ಅವಳು ಒಂದು ಗಿಡ ದಾಟಿದಳು, ನಿಂತಳು, ಹಿಂದೆ ಬಂದಳು, ಬಗ್ಗಿ ನೆಲ ಸವರಿದಳು. ಹುಲ್ಲು ಅದುಮಿದ ಗುಳಿ ಅವಳ ಕೈಗೆ ಸಿಕ್ಕಿರಬೇಕು. ಜೋಳಿಗೆಯಿಂದ ಮರಿಯನ್ನು ತೆಗೆದು, ಕೂಸನ್ನು ತೊಟ್ಟಿಲಿಗೆ ಹಾಕುವ ಹಾಗೆ ತಲೆಗೊಂದು ಕೈ ಕೊಟ್ಟು ಇಳಿಸಿದಳು. ಕೈ ತೆಗೆದದ್ದೇ ತಡ, ಮರಿ ಕಿವಿಯನ್ನು ಬೆನ್ನಿಗೆ ಅಂಟಿಸಿ, ಕತ್ತನ್ನು ನೆಲಕ್ಕೆ ಚಾಚಿತು. ನಾನು ಕಣ್ಣು ಮಿಟುಕಿಸಿದೆ. ಅಷ್ಟರಲ್ಲಿ ಅಲ್ಲಿ ಒಣಹುಲ್ಲು ಮಾತ್ರ ಇತ್ತು. ಅದು ಎಲ್ಲಿದೆಯೆಂದು ಗೊತ್ತಿದ್ದೂ ನನಗೆ ಕಾಣಲಿಲ್ಲ.

ವಾಪಸು ಬರುವಾಗ ಅಜ್ಜಿ ಹಿಂದಕ್ಕೆ ತಿರುಗುತ್ತ ತಿರುಗುತ್ತ ಬಂದಳು. ಖಾಲಿ ಜೋಳಿಗೆ ಕೈಯಲ್ಲಿತ್ತು.

"ನಿಮ್ಮ ಕುರಿ ಮರೀನ ಜೊತೆಗೆ ಕರ್ಕಂಡು ಹೋಗ್ತೈತೆ," ಎಂದರು ಗಾರ್ಡ್. "ಅದಕ್ಕೆ ಹಿಂಡೈತೆ, ನಾಯಿ ಐತೆ, ನೀವಿದ್ದೀರಿ. ಇದು ಒಂಟಿ. ಮರಿ ಜೊತೆಗಿದ್ರೆ ನರಿಗೆ ತೋರಿಸಿದಂಗೆ. ಅದಕ್ಕೇ ಒಂದು ಕಡೆ ಇಟ್ಟು, ತಾನು ದೂರ ಮೇಯ್ತೈತೆ. ಹಾಲು ಕೊಡಾಕೆ ಮಾತ್ರ ಬರ್ತೈತೆ."

"ದೂರ ನಿಂತು ನೋಡ್ತಿರ್ತಾಳಾ?"

"ಕೆಲವು ಸಲ. ನಾವಿದ್ರೆ ಹತ್ರ ಬರಲ್ಲ."

ಅಜ್ಜಿ ಗುಡ್ಡದ ಕಡೆ ನೋಡಿದಳು. ನಿನ್ನೆ ಸಂಜೆ ಮರಿಯನ್ನು ಜೋಳಿಗೆಗೆ ಹಾಕಿಕೊಂಡಾಗ ಆ ಪೊದೆಗಳಲ್ಲಿ ಯಾರಿದ್ದಿರಬಹುದು ಎಂದು ಅವಳು ಯೋಚಿಸುತ್ತಿದ್ದಳೆಂದು ನನಗೆ ಅನ್ನಿಸಿತು.

ಬಿಡುವು ಮುಗಿದಿತ್ತು. ಅವರಿಬ್ಬರೂ ಗಾಳಿ ಬೀಸುವ ದಿಕ್ಕು ನೋಡಿ ಇನ್ನೂ ದೂರದ ಒಂದು ಬಂಡೆಗೆ ಹೋದರು. ನಾನು ಬಸ್ಸಿಗೆ ಬಂದೆ. ಸಂಜೆಯ ಟ್ರಿಪ್ಪಿನಲ್ಲಿ ಜಗಳೂರು ಬಿಟ್ಟು ಬರುವಾಗ ದಾರಿಯಲ್ಲೇ ಕತ್ತಲಾಯಿತು. ಹೊಲದ ಕಡೆ ನೋಡಿದರೆ ಏನೂ ಕಾಣಲಿಲ್ಲ.

ಮರುದಿನ ಬೆಳಿಗ್ಗೆ ಅಜ್ಜಿ ಸ್ಟಾಪಿನಲ್ಲಿರಲಿಲ್ಲ. ಗಾರ್ಡ್‌ಗೆ ಫೋನ್ ಮಾಡಿದರೆ ಸಿಗಲಿಲ್ಲ, ಕಾಡಿನಲ್ಲಿ ಸಿಗ್ನಲ್ ಇರುವುದಿಲ್ಲ. ಹತ್ತಿದವರೆಲ್ಲ ನನ್ನನ್ನೇ ಕೇಳಿದರು, "ಮರಿ ಏನಾತ್ರೀ?" ನನಗೂ ಅದೇ ಪ್ರಶ್ನೆ. ಡ್ರೈವರು ಬೋರ್ಡಿನ ತಿರುವಿನಲ್ಲಿ ಹಾರ್ನ್ ಹೊಡೆಯಲಿಲ್ಲ. ಅದರ ಮರುದಿನವೂ ಹೊಡೆಯಲಿಲ್ಲ. ಆಮೇಲೆ ಅದು ಅವರ ಅಭ್ಯಾಸವೇ ಆಯಿತು.

ಅಜ್ಜಿ ಸಿಕ್ಕಿದ್ದು ಕೆಲವು ದಿನಗಳಾದ ಮೇಲೆ. ಜೋಳಿಗೆ ಮಡಚಿ ಕಂಕುಳಲ್ಲಿತ್ತು. ಹತ್ತಿದವಳು ಸೀಟು ಹುಡುಕಲಿಲ್ಲ. ಬಾಗಿಲ ಹತ್ತಿರವೇ ಕಂಬಿ ಹಿಡಿದು ನಿಂತು ಹೇಳಿದಳು.

ಹೊತ್ತು ಮುಳುಗುವಾಗ ತಾಯಿ ಬಂದಿತ್ತು. ನೇರವಾಗಿ ಬರಲಿಲ್ಲ. ಗುಡ್ಡದ ಬುಡದಲ್ಲಿ ನಿಂತು, ಕಾಲು ಕುಟ್ಟಿ, ಮತ್ತೆ ಒಳಗೆ ಹೋಯಿತು. ಇನ್ನೊಂದು ಕಡೆಯಿಂದ ಬಂದು, ಮರಿಯ ಪಕ್ಕದಲ್ಲೇ, ಅಲ್ಲೇನೂ ಇಲ್ಲವೆನ್ನುವ ಹಾಗೆ ದಾಟಿ ಹೋಯಿತು. "ನನ್ನ ಜೀವ ಹೋತು ಸಾಬ್ರೇ. ಉಪ್ಪಿನ ವಾಸನೆ ಬಂತು, ಬಿಟ್ಲು ಅಂದ್ಕಂಡೆ. ಎದ್ದು ಕೂಗಿ ಕರೀಲೇನೋ ಅನ್ನಿಸ್ತು. ಆ ಹುಡುಗಿ ನನ್ ಸೆರಗು ಹಿಡ್ಕಂಡಿದ್ಲು." ಕತ್ತಲು ಕವಿಯುತ್ತ ಬಂದಾಗ ತಂಗಡಿ ಗಿಡದ ಹತ್ತಿರ ಹುಲ್ಲು ಅಲುಗಾಡಿತು. ಬಹಳ ಹೊತ್ತು ಅಲುಗಾಡಿತು. ಅದಕ್ಕಿಂತ ಹೆಚ್ಚು ಅವರಿಗೆ ಕಾಣಲಿಲ್ಲ. ಬೆಳಿಗ್ಗೆ ಗುಳಿ ಖಾಲಿಯಿತ್ತು. ರಕ್ತವಿರಲಿಲ್ಲ, ನರಿ ನಾಯಿ ಬಂದ ಗುರುತಿರಲಿಲ್ಲ. ಶೇಂಗಾ ಕಿತ್ತ ಸಡಿಲ ಮಣ್ಣಿನಲ್ಲಿ ಗೊರಸಿನ ಗುರುತುಗಳಿದ್ದವು, ದೊಡ್ಡವು, ಅವುಗಳ ಪಕ್ಕದಲ್ಲಿ ಚಿಕ್ಕವು. ಬಗ್ಗಿ ನೋಡಿ ಗಾರ್ಡ್ ಅಜ್ಜಿಯ ಭುಜದ ಮೇಲೆ ಕೈ ಇಟ್ಟರಂತೆ.

"ಬಿಟ್ಟಿರಲಿಲ್ಲ ಕಣಪ್ಪ," ಎಂದಳು ಅಜ್ಜಿ. "ಇಟ್ಟಿದ್ಲು."

ರಜೆಗೆ ಊರಿಗೆ ಬಂದಾಗ ಇದನ್ನೆಲ್ಲ ಅಮ್ಮಿಗೆ ಹೇಳಿದೆ, ಆ ಕೊನೆಯ ಮಾತಿನ ಸಮೇತ. ಅಮ್ಮಿ ರೊಟ್ಟಿ ತಟ್ಟುತ್ತಿದ್ದಳು. ಕೈ ನಿಲ್ಲಿಸಿದಳು. "ನಾನು ನಿನಗೆ ಇಷ್ಟು ವರ್ಷ ಅದನ್ನೇ ಹೇಳಿದ್ದು," ಎಂದು ಮತ್ತೆ ತಟ್ಟತೊಡಗಿದಳು. ನಾನು ಆಮೇಲೆ ನಾನಿಯ ಮನೆಯ ಮಾತಿಗೆ ಆ ಹಳೆಯ ಪದ ಬಳಸಿಲ್ಲ.

ಆ ಗಾರ್ಡ್ ಕೇಳಿದ ಪ್ರಶ್ನೆಗಳು ನನ್ನ ಬಾಯಲ್ಲಿ ಉಳಿದಿವೆ. ಹೊನ್ನಾಳಿಯಲ್ಲಿ ಮರದ ಕೆಳಗೆ ಪುಕ್ಕ ಬಲಿತ ಮೈನಾ ಮರಿಯೊಂದು ಕುಪ್ಪಳಿಸುತ್ತಿದ್ದಾಗ ಜನ ರಟ್ಟಿನ ಡಬ್ಬಿ ತಂದಿದ್ದರು. ರಕ್ತವಿಲ್ಲ, ರೆಕ್ಕೆ ಸೊಟ್ಟಗಿಲ್ಲ, ಮೇಲೆ ಕೊಂಬೆಯಲ್ಲಿ ತಾಯಿ ತಂದೆ ಅರಚುತ್ತಿವೆ. ನಾಯಿ ಬರದ ಹಾಗೆ ನೋಡಿಕೊಂಡು ಬಿಟ್ಟುಬಿಡಿ ಎಂದೆ. ಸೂರಗೊಂಡನಕೊಪ್ಪದ ಕಡೆಯ ರಸ್ತೆಯಲ್ಲಿ ಹಗಲು ಹೊತ್ತಿನಲ್ಲೇ ಒಂದು ನರಿ ಕೂತಿತ್ತು. ಬಸ್ಸು ಹತ್ತಿರ ಬಂದರೂ ಏಳಲಿಲ್ಲ. ಏಳಲು ನೋಡಿದಾಗ ಹಿಂಗಾಲು ಎರಡೂ ನೆಲದಲ್ಲಿ ಎಳೆಯುತ್ತಿದ್ದವು. ಅಲ್ಲಿ ಕೇಳುವಂಥದ್ದು ಏನೂ ಇರಲಿಲ್ಲ. ನಿಂತಲ್ಲೇ ಫೋನ್ ಮಾಡಿದೆವು, ಯಾರನ್ನೂ ಹತ್ತಿರ ಬಿಡದೆ, ಬಸ್ಸನ್ನು ಅಡ್ಡ ನಿಲ್ಲಿಸಿ ಕಾದೆವು. ಬಂದವರು ಬಲೆಯಲ್ಲಿ ಎತ್ತಿಕೊಂಡು ಹೋದರು. ಅದು ಉಳಿಯಿತೋ ಇಲ್ಲವೋ ನನಗೆ ತಿಳಿಯದು. ಬಿಟ್ಟದ್ದೋ ಇಟ್ಟದ್ದೋ ಗೊತ್ತಾಗದಾಗ ಈಗಲೂ ಮೊದಲು ಫೋನ್ ಮಾಡುತ್ತೇನೆ, ಆಮೇಲೆ ಕೈ ಹಾಕುತ್ತೇನೆ. ಹಾಕಬೇಕಾದರೆ.

ಆ ಮಾರ್ಗದಲ್ಲಿ ನನ್ನ ಕೊನೆಯ ವಾರ ಅಜ್ಜಿ ಮತ್ತೆ ಹತ್ತಿದಳು. ಜೋಳಿಗೆಯಲ್ಲಿ ಮರಿಯಿತ್ತು, ಜೋಲುಗಿವಿಯ, ಉಣ್ಣೆಯ, ನಿಜವಾದ ಕುರಿಮರಿ. ಹತ್ತಿದಾಗ ಶುರುಮಾಡಿದ ಅರಚಾಟ ಕಾಡು ಮುಗಿದರೂ ನಿಲ್ಲಲಿಲ್ಲ. ಡ್ರೈವರು ಕನ್ನಡಿಯಲ್ಲಿ ನೋಡಿ, "ಅಜ್ಜಿ, ಅದರ ಬಾಯಿ ಮುಚ್ಸಿ. ತಲೆ ಸಿಡಿತೈತೆ," ಎಂದರು.

ಅಜ್ಜಿ ಮರಿಯ ಕಿವಿಯನ್ನು ಬೆರಳಲ್ಲಿ ಹಿಡಿದು, ಬಿಸಿಯಿದೆಯೋ ಎಂದು ನೋಡಿಕೊಂಡಳು.

"ಅಳಲಿ ಬಿಡಪ್ಪ," ಎಂದಳು, ಹಿಂದೆ ಉಳಿದ ಕಾಡಿನ ಕಡೆ ನೋಡಿ. "ಅಳೋದು ನಮ್ದು. ಸುಮ್ನಿರೋದು ಅವಳ್ದು."